ಹೆಸರಿಲ್ಲದ ಡಬ್ಬದ ಕೋವಿಮದ್ದು

ಸೀನಪ್ಪ ತೀರಿಕೊಂಡ ಐದನೇ ತಿಂಗಳಿಗೆ ಅವನ ವಾಸನೆ ಮನೆಗೆ ಮರಳಿತು.

ಮೊದಲು ಗಮನಿಸಿದ್ದು ಹೆಂಡತಿ ಹರಿಣಾಕ್ಷಿ. ಸಿಂಗಾಪುರದ ಆಂಗ್ ಮೋ ಕಿಯೋದ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಈಗ ಉಳಿದವರು ಅವಳು ಮತ್ತು ಮಗಳು ನವ್ಯಶ್ರೀ. ಮಧ್ಯಾಹ್ನ ಗೋಡೆ ಕಾಯುವ ಹೊತ್ತಿಗೆ ಅಡುಗೆಮನೆ ಪಕ್ಕದ ಬಾಂಬ್ ಶೆಲ್ಟರಿನಿಂದ ಹುಳಿಹುಳಿಯಾದ, ಮೂಗು ಚುಚ್ಚುವ ವಾಸನೆ ಬರುತ್ತಿತ್ತು. ಯುದ್ಧ ಬಂದರೆ ಅಡಗಲೆಂದು ಕಟ್ಟಿದ, ದಪ್ಪ ಗೋಡೆ, ಉಕ್ಕಿನ ಬಾಗಿಲಿನ ಆ ಪುಟ್ಟ ಕೋಣೆ ಅವರಿಗೂ ಎಲ್ಲರಂತೆ ಸಾಮಾನಿಡುವ ಜಾಗ. ಸೀನಪ್ಪ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಕೋವಿ ರಿಪೇರಿ ಮಾಡಿ, ತೋಟೆ ತುಂಬಿಸಿದವನು. ಕೆಲಸದಿಂದ ಬಂದಾಗ ಅವನ ಅಂಗಿಯಲ್ಲಿ ಹೀಗೇ ಏನೋ ಒಂದು ಘಾಟು ಇರುತ್ತಿತ್ತು.

“ಅಪ್ಪ ಬಂದಿದ್ದಾರೆ ಮಗಾ,” ಎಂದಳು ಹರಿಣಾಕ್ಷಿ.

“ಅಮ್ಮ, ಪ್ಲೀಸ್. ಡ್ರೈನೇಜ್ ಪ್ರಾಬ್ಲಮ್ ಇರುತ್ತೆ. ಕಂಪ್ಲೇಂಟ್ ಮಾಡ್ತೀನಿ.”

ನವ್ಯಶ್ರೀ ಆಫೀಸಿಗೆ ಹೋದ ಮೇಲೆ ಹರಿಣಾಕ್ಷಿ ಆ ಬಾಗಿಲ ಮುಂದೆ ಅನ್ನ, ಮೀನು ಸಾರು ಬಡಿಸಿಟ್ಟು, “ಏನು ಬೇಕು ಹೇಳಿ,” ಎಂದು ಕೇಳಿ ಕಾಯುತ್ತಿದ್ದಳು. ತಲೆ ಸಿಡಿಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಅಳು ಬರುತ್ತಿರುವುದಕ್ಕೆ ಎಂದುಕೊಂಡಳು.

ಒಂದು ಶನಿವಾರ ಗಂಡನ ಅಂಗಿಗಳನ್ನು ಯಾರಿಗಾದರೂ ಕೊಡೋಣವೆಂದು ಶೆಲ್ಟರಿನ ಬಾಗಿಲು ತೆರೆದಳು. ಕೊಕ್ಕೆಯಲ್ಲಿದ್ದ ಬಿಳಿ ಅಂಗಿಗಳೆಲ್ಲ ಹಳದಿಯಾಗಿದ್ದವು. ಒಂದನ್ನು ಎಳೆದಳು. ಕಾಲರ್ ಮಾತ್ರ ಕೈಗೆ ಬಂತು. ಅಂಗಿ ಸುಟ್ಟ ಕಾಗದದಂತೆ ಹರಿದು ಕೆಳಗೆ ಬಿತ್ತು. ಹರಿಣಾಕ್ಷಿ ಕಾಲರ್ ಹಿಡಿದುಕೊಂಡೇ ಮಗಳನ್ನು ಕೂಗಿದಳು.

ನವ್ಯಶ್ರೀ ಬಂದು ಫೋನಿನ ಟಾರ್ಚ್ ಹಾಕಿದಳು. ಹಿತ್ತಾಳೆ ದೀಪ ಹಸಿರುಗಟ್ಟಿತ್ತು, ಬೀಗದ ಕೈಗಳಿಗೆ ತುಕ್ಕು ಹಿಡಿದಿತ್ತು. ಅಕ್ಕಿ ಬಕೆಟ್ಟಿನ ಹಿಂದೆ ಲೇಬಲ್ ಇಲ್ಲದ ಒಂದು ತಗಡಿನ ಡಬ್ಬ. ಮುಚ್ಚಳದ ಸಂದಿಯಲ್ಲಿ ಇಟ್ಟಿಗೆಪುಡಿಯಂಥ ಕೆಂಪು ಧೂಳು. ಅದರ ಮೇಲೆ ತೆಳ್ಳಗೆ ಕಂದು ಹೊಗೆ ಆಡುತ್ತಿತ್ತು. ಡಬ್ಬಕ್ಕೆ ದಾರದಿಂದ ಕಟ್ಟಿದ ಪ್ಲಾಸ್ಟಿಕ್ ಹಾಳೆಯೊಳಗೆ ಸೀನಪ್ಪನ ಕೈಬರಹದ ಚೀಟಿ.

ಕನ್ನಡ ಓದಲು ಬಾರದ ನವ್ಯಶ್ರೀ ಅದರ ಫೋಟೋ ತೆಗೆದು ಅಮ್ಮನಿಗೆ ತೋರಿಸಿದಳು. ಹರಿಣಾಕ್ಷಿ ಓದಿದಳು: “ಮುಕುಂದನ ಕೋವಿ ಸಿಡಿಸಿದ ಮದ್ದು. ಎರಡು ಹಳೇ ಡಬ್ಬಗಳ ಉಳಿಕೆಯನ್ನು ಒಂದಕ್ಕೇ ಸುರಿದವನು ನಾನು. ಅವನ ಅಳತೆ ಸರಿ ಇತ್ತು.”

“ಮದ್ದು ಅಂದ್ರೆ ಮೆಡಿಸಿನ್ ಅಲ್ವಾ?”

“ಇದು ಕೋವಿಗೆ ಹಾಕುವ ಮದ್ದು.” ಹರಿಣಾಕ್ಷಿ ಡಬ್ಬದತ್ತ ಕೈ ಚಾಚಿದಳು.

“ಮುಟ್ಬೇಡ,” ಎಂದು ನವ್ಯಶ್ರೀ ಅವಳ ತೋಳು ಹಿಡಿದು ಹೊರಗೆಳೆದಳು. ಲಿಫ್ಟಿನ ಹತ್ತಿರ ನಿಂತು ಪೊಲೀಸರಿಗೆ ಫೋನ್ ಮಾಡಿದಳು.

ಇಡೀ ಮಹಡಿಯನ್ನು ಖಾಲಿ ಮಾಡಿಸಿದರು. ಅಕ್ಕಪಕ್ಕದವರ ಜೊತೆ ತಾಯಿ ಮಗಳು ಮೂರು ಗಂಟೆ ಕಟ್ಟಡದ ಕೆಳಗಿನ ತೆರೆದ ಅಂಗಳ, ವಾಯ್ಡ್ ಡೆಕ್ಕಿನಲ್ಲಿ ಕುಳಿತರು. ಡಬ್ಬವನ್ನು ಕೊಂಡೊಯ್ದ ಮೇಲೆ ಬಾಂಬ್ ತಂಡದ ಅಧಿಕಾರಿ ಬಂದು ಕೇಳಿದಳು, ಆ ಕೋಣೆಯಲ್ಲಿ ಇತ್ತೀಚೆಗೆ ಏನಾದರೂ ಬದಲಾಯಿತೇ ಎಂದು.

“ಅವರು ಅಲ್ಲಿ ಹಗಲೂ ರಾತ್ರಿ ಫ್ಯಾನ್ ಹಾಕಿಡ್ತಿದ್ರು,” ಎಂದಳು ಹರಿಣಾಕ್ಷಿ. “ಅಕ್ಕಿಗೆ ಅಂದುಕೊಂಡಿದ್ದೆ. ಅವರು ಹೋದ ಮೇಲೆ ಆಫ್ ಮಾಡಿ ಬಾಗಿಲು ಹಾಕಿದೆ.”

ನವ್ಯಶ್ರೀ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅಧಿಕಾರಿ ವಿವರಿಸಿದಳು: ತಂಪಾದ ಒಣ ಜಾಗದಲ್ಲಿ, ಅದರದೇ ಡಬ್ಬದಲ್ಲಿ ಮುಚ್ಚಿಟ್ಟರೆ ಈ ಮದ್ದು ಹತ್ತಾರು ವರ್ಷ ಬಾಳುತ್ತದೆ. ಸೆಕೆಯಲ್ಲಿ ಒಳಗಿಂದಲೇ ಕೊಳೆಯುತ್ತದೆ, ಹುಳಿ ವಾಸನೆ ಬಿಡುತ್ತದೆ, ಬಟ್ಟೆಯನ್ನೂ ಲೋಹವನ್ನೂ ತಿನ್ನುತ್ತದೆ. ಕೊನೆಗೆ ಯಾರೂ ಕಡ್ಡಿ ಗೀರದೆಯೂ ಹೊತ್ತಿಕೊಳ್ಳಬಹುದು. ಈ ಡಬ್ಬ ಮುಟ್ಟಿದರೆ ಬಿಸಿಯಿತ್ತು.

ಹರಿಣಾಕ್ಷಿಗೆ ಮುಕುಂದನ ಮುಖ ನೆನಪಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ಅವನು ಸೀನಪ್ಪನ ಕೈಕೆಳಗೆ ಕೆಲಸಕ್ಕಿದ್ದ. ಒಂದು ದಿನ ಪರೀಕ್ಷೆಗೆಂದು ಹಾರಿಸಿದ ಕೋವಿ ಸಿಡಿದು ಅವನ ಬಲಗಣ್ಣು ಹೋಯಿತು. ಮುಕುಂದ ಮದ್ದು ಹೆಚ್ಚು ತುಂಬಿಸಿದ್ದ ಎಂದು ವಿಚಾರಣೆಯಲ್ಲಿ ಹೇಳಿದವನು ಸೀನಪ್ಪ. ಮುಕುಂದನ ಕೆಲಸವೂ ಹೋಯಿತು. ಆಮೇಲೆ ಎರಡು ಸಲ ಮನೆ ಬದಲಿಸಿದ್ದರು. ಎರಡು ಸಲವೂ ಗಂಡ ಒಂದು ಚೀಲವನ್ನು ಲಾರಿಗೆ ಹಾಕದೆ ತೊಡೆಯ ಮೇಲಿಟ್ಟುಕೊಂಡು ಬಂದದ್ದೇಕೆಂದು ಅವಳಿಗೆ ಈಗ ಹೊಳೆಯಿತು.

ಪೊಲೀಸರಿಗೆ ಹೇಳಿಕೆ ಕೊಟ್ಟ ಮರುವಾರ ಅವಳು ವಿಳಾಸ ಹುಡುಕಿಸಿ ಕಲ್ಲಾಂಗಿನಲ್ಲಿದ್ದ ಮುಕುಂದನ ಮನೆಗೆ ಹೋದಳು.

ಬಾಗಿಲು ತೆಗೆದ ಮುಕುಂದ ಗುರುತು ಹಿಡಿದು, “ಬನ್ನಿ ಅಕ್ಕ,” ಎಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳು ಏನೂ ಪೀಠಿಕೆ ಹಾಕದೆ ಫೋನಿನಲ್ಲಿದ್ದ ಚೀಟಿಯ ಫೋಟೋ ತೋರಿಸಿದಳು. ಅವನು ಅದನ್ನು ಎಡಗಣ್ಣಿನ ಹತ್ತಿರ ಹಿಡಿದು ಓದಿದ.

“ಮದ್ದನ್ನ ಅದರದೇ ಡಬ್ಬದಲ್ಲಿ ಇಡ್ಬೇಕು, ಒಂದೊಂದರ ಜೋರು ಬೇರೆ, ಒಂದಕ್ಕೊಂದು ಬೆರೆಸಬಾರದು, ಲೇಬಲ್ ಇಲ್ದಿದ್ರೆ ಉಪಯೋಗಿಸಲೇಬಾರದು ಅಂತ ನಂಗೆ ಕಲಿಸಿದ್ದೇ ಸೀನಪ್ಪಣ್ಣ,” ಎಂದ. “ಅದಕ್ಕೇ ಅವರ ಮಾತು ನಂಬಿದೆ. ನಾನೇ ಜಾಸ್ತಿ ಹಾಕಿರಬೇಕು ಅಂದ್ಕೊಂಡೆ. ದಿನಾ ಮಲಗಿದ್ರೆ ಕನಸಲ್ಲಿ ಮದ್ದು ಅಳೀತಾನೇ ಇರ್ತೀನಿ ಅಕ್ಕ. ಪ್ರತಿ ಸಲ ಸರಿಯಾಗೇ ಬರುತ್ತೆ. ಆದ್ರೂ ಸಿಡಿಯುತ್ತೆ.”

ಅವನು ಫೋನ್ ಕೆಳಗಿಳಿಸಿದ.

“ಅವರು ಒಂದು ಸಲ ಬಂದು ಹೇಳಬಹುದಿತ್ತು.”

“ಹೌದು,” ಎಂದಳು ಹರಿಣಾಕ್ಷಿ. ಗಂಡನ ಪರವಾಗಿ ಕ್ಷಮೆ ಕೇಳಲು ಬಂದಿದ್ದಳು, ಕೇಳಲಾಗಲಿಲ್ಲ.

ಮುಕುಂದ ಒಳಗಿದ್ದ ಹೆಂಡತಿಯನ್ನು ಕರೆದ. “ನಳಿನಿ, ಇದನ್ನ ಸ್ವಲ್ಪ ಜೋರಾಗಿ ಓದು.” ಅವಳು ಓದಿದಳು. “ಕೊನೇ ಸಾಲು ಇನ್ನೊಂದ್ಸಲ,” ಎಂದ. “ಅವನ ಅಳತೆ ಸರಿ ಇತ್ತು,” ಎಂದು ನಳಿನಿ ಮತ್ತೆ ಓದಿದಳು.

ಮುಂದಿನ ತಿಂಗಳು ಮುಕುಂದ ಮತ್ತು ಹರಿಣಾಕ್ಷಿ ಒಟ್ಟಿಗೆ ಕ್ಲಬ್ಬಿಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟರು. ಹಳೆಯ ವರದಿ ತಪ್ಪೆಂದು ಒಪ್ಪಿ ಕ್ಲಬ್ಬಿನವರು ಅವನಿಗೆ ಒಂದು ಪತ್ರ ಕಳಿಸಿದರು. ಈಗ ನಿದ್ದೆ ಬರುತ್ತಿದೆ ಎಂದು ಅವನು ಫೋನ್ ಮಾಡಿ ತಿಳಿಸಿದ.

ಹರಿಣಾಕ್ಷಿ ಬೆಳಿಗ್ಗೆ ಸೀನಪ್ಪನ ಫೋಟೋದ ಮುಂದೆ ಹೂ ಹಿಡಿದು ನಿಲ್ಲುತ್ತಾಳೆ. ಕೆಲವು ದಿನ ಮುಡಿಸುತ್ತಾಳೆ. ಕೆಲವು ದಿನ ಅದನ್ನು ಹಾಗೇ ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋಗುತ್ತಾಳೆ.