ಉಮ್ ನವ್ವಾಫ್ ಮನೆಯ ಅತಿಥಿಗಳು

ಅಜ್ಜಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಡಾಕ್ಟರು ಅದಕ್ಕೊಂದು ಲೋಹದ ಕಡ್ಡಿ ಹಾಕಿ ಕೂಡಿಸಿದರು. ನಾಲಿಗೆಗೆ ಏನೂ ಆಗಿರಲಿಲ್ಲ. ಅದನ್ನು ದಾರಿಗೆ ತರುವ ಡಾಕ್ಟರು ಅಮ್ಮಾನ್ ಪಕ್ಕದ ನಮ್ಮ ಸಾಲ್ಟ್ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು, ಹೊಸ ವಾಕರನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಇದು ಬಂದಿರೋದು ನನ್ನ ನಡೆಸೋಕೆ. ನನ್ನ ಓಡಿಸೋಕೆ ಅಂತ ಯಾರಾದ್ರೂ ಬಂದಿದ್ರೆ ಈಗ್ಲೇ ಮೆಟ್ಟಿಲು ಇಳೀರಿ."

ಓಡಿಸುವ ಯೋಚನೆ ಇದ್ದದ್ದು ನವ್ವಾಫ್ ಮಾಮನಿಗೆ. ಅವನು ಅಜ್ಜಿಯ ಹಿರಿಮಗ. ಅವನು ಹುಟ್ಟಿದಂದಿನಿಂದ ಫಿದ್ದಾ ಎಂಬ ಅವಳ ಸ್ವಂತ ಹೆಸರನ್ನು ಊರು ಮರೆತು ಉಮ್ ನವ್ವಾಫ್, ನವ್ವಾಫನ ತಾಯಿ, ಎಂದೇ ಕರೆಯುತ್ತದೆ. ನೀರಾವರಿ ಇಲಾಖೆಯಿಂದ ನಿವೃತ್ತನಾಗಿ ಅಮ್ಮಾನಿನಲ್ಲಿ ಲಿಫ್ಟಿರುವ ಮನೆ ಕಟ್ಟಿಸಿದ ಮಾಮ, ಮನೆಯಲ್ಲಿ ಉಪ್ಪು ಕೇಳಿದರೂ ಸಭೆಯನ್ನು ಉದ್ದೇಶಿಸಿಯೇ ಕೇಳುತ್ತಾನೆ. ನಾನು ಗಂಟಲು ದಪ್ಪ ಮಾಡಿಕೊಂಡು "ಒಂದನೆಯದಾಗಿ, ಉಪ್ಪು" ಎಂದರೆ ಸಾಕು, ಅಜ್ಜಿ ಸೊಂಟ ಹಿಡಿದುಕೊಂಡು ನಗುತ್ತಿದ್ದಳು.

ಆ ದಿನ ಅವನು ನಿಜವಾಗಿಯೂ ಸಭೆ ಸೇರಿಸಿದ್ದ. ಅವನು, ನನ್ನ ತಾಯಿ ರುವೈದಾ, ಚಿಕ್ಕ ಮಾಮ ಘಾಜಿ, ಮತ್ತು ಎಲ್ಲರಿಗೂ ಚಹಾ ಕೊಡಲು ಮೊಮ್ಮಗಳು ಘೈದಾ, ಅಂದರೆ ನಾನು.

"ಒಂದನೆಯದಾಗಿ," ಮಾಮ ಶುರುಮಾಡಿದ, "ಅಮ್ಮ ನಮ್ಮ ಮೂರೂ ಜನರ ಮನೇಲಿ ಒಂದೊಂದು ತಿಂಗಳು ಇರಬಹುದು."

"ನಾನೇನು ಗ್ಯಾಸ್ ಸಿಲಿಂಡರೇನೋ," ಅಜ್ಜಿ ಕೇಳಿದಳು, "ಒಂದು ಅಡುಗೆಮನೇಲಿ ಮುಗೀತು ಅಂತ ಇನ್ನೊಂದಕ್ಕೆ ಉರುಳಿಸೋಕೆ?"

"ಎರಡನೆಯದಾಗಿ, ಹಗಲೂ ರಾತ್ರಿ ಜೊತೆಗೇ ಇರೋ ಹೆಂಗಸನ್ನ ಇಡಬಹುದು."

"ಮಲಗೋ ಕೋಣೆ ಒಂದೇ ಇರೋದು. ಗೊರಕೆ ವಿಷಯದಲ್ಲಿ ನಿಮ್ಮಪ್ಪನಿಂದಲೇ ನನಗೆ ಹೊಟ್ಟೆ ತುಂಬಿದೆ."

"ಮೂರನೆಯದಾಗಿ, ಏಜೆನ್ಸಿಯವರು ಹಗಲು ಹೊತ್ತಿಗೆ ಆರೈಕೆಯವರನ್ನ ಕಳಿಸ್ತಾರೆ. ಸ್ನಾನ, ಅಡುಗೆ, ಮಾತ್ರೆ, ಕಾಲಿಗೆ ವ್ಯಾಯಾಮ, ಎಲ್ಲಾ ಅವರೇ ನೋಡ್ಕೋತಾರೆ. ರಾತ್ರಿಗೆ ಸದ್ಯ ರುವೈದಾ ಬರಲಿ. ಆದರೆ ಒಂದು ಮಾತು ಅಮ್ಮಾ. ಇದು ನಡೀಲಿಲ್ಲ ಅಂದ್ರೆ ನೀನು ಅಮ್ಮಾನಿಗೆ ಬರಬೇಕು. ಈ ಮನೆಗೆ ಬೀಗ."

ಅಜ್ಜಿ ಬಾಯಿ ತೆರೆಯುವ ಮೊದಲೇ ನನ್ನ ತಾಯಿ "ಆಯ್ತು" ಎಂದುಬಿಟ್ಟಳು. ಅಜ್ಜಿ ಅವಳ ಕಡೆ ನೋಡಿದ ನೋಟಕ್ಕೆ ಚಹಾ ಕೂಡ ತಣ್ಣಗಾಯಿತು.

ಏಜೆನ್ಸಿಯ ಮೇಡಂ ಫೋನಿನಲ್ಲಿ ರೈಲು ನಿಲ್ದಾಣದ ಘೋಷಣೆಯಂತೆ ಮಾತಾಡುತ್ತಿದ್ದರು: "ನಮ್ಮಲ್ಲಿ, ಎರಡೆರಡು ದಿನಕ್ಕೊಮ್ಮೆ, ಬೇರೆಯವರು ಬರುತ್ತಾರೆ. ಆರೈಕೆಯವರಿಗೆ, ಆಯಾಸ ಆಗಬಾರದು. ಹಿರಿಯರು, ಒಬ್ಬರನ್ನೇ, ಹಚ್ಚಿಕೊಳ್ಳಬಾರದು." ಮಾಮನಿಗೆ ಈ ಶಿಸ್ತು ತುಂಬ ಹಿಡಿಸಿತು.

ಮೊದಲು ಬಂದವಳು ಹನಾದಿ. ಬಿಳಿ ಕೋಟು, ಕೈಯಲ್ಲಿ ರಕ್ತದೊತ್ತಡ ನೋಡುವ ಯಂತ್ರ. ಬಾಗಿಲು ತೆರೆದದ್ದು ಅಜ್ಜಿಯೇ, ವಾಕರ್ ಹಿಡಿದುಕೊಂಡು.

"ಹಜ್ಜಾ, ನೀವ್ಯಾಕೆ ಎದ್ರಿ? ಕೂತ್ಕೊಳ್ಳಿ."

"ನನ್ನ ಮನೇಲಿ ಕೂತ್ಕೊಳ್ಳಿ ಅನ್ನೋಳು ನಾನು. ಬಾ ಮಗಳೇ, ಒಳಗೆ ಬಾ. ಮೆಟ್ಟಿಲು ಹತ್ತಿ ಸುಸ್ತಾಗಿದ್ದೀಯ."

ಮಧ್ಯಾಹ್ನ ಕಾಲೇಜು ಮುಗಿಸಿ ನಾನು ಹೋದಾಗ ಹನಾದಿ ಸೋಫಾದ ಮೇಲೆ ದಿಂಬಿಗೊರಗಿ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ ತಿನ್ನುತ್ತಿದ್ದಳು. ಮುಖದಲ್ಲಿ ಅಪರಾಧಿಯ ಕಳೆ, ತಟ್ಟೆಯಲ್ಲಿ ಮೂರನೆಯ ಸಲ ಬಡಿಸಿದ ರಾಶಿ. ಅಜ್ಜಿ ವಾಕರಿನ ಕಂಬಿಗೆ ಚೀಲ ಕಟ್ಟಿಕೊಂಡು, ಅದರಲ್ಲಿ ಬ್ರೆಡ್ಡು, ಮೊಸರು, ಉಪ್ಪಿನಕಾಯಿ ತುಂಬಿ ಅಡುಗೆಮನೆಯಿಂದ ಸಾಗಿಸುತ್ತಿದ್ದಳು.

"ಏನ್ ಮಾಡ್ಲಿ?" ಹನಾದಿ ನನ್ನ ಕಿವಿಯಲ್ಲಿ ಹೇಳಿದಳು. "ಪಾತ್ರೆ ಮುಟ್ಟಿದ್ರೆ ಕೈ ಮೇಲೆ ಹೊಡೀತಾರೆ. ಯಂತ್ರ ಕಟ್ಟೋಕೆ ಹೋದ್ರೆ ನನ್ನ ತೋಳಿಗೇ ಕಟ್ಟಿ, ನಿಂದೆಷ್ಟಿದೆ ನೋಡೋಣ ಅಂದ್ರು."

ಎರಡು ದಿನ ಕಳೆದು ಹನಾದಿ ಹೋದಳು, ಇನ್ನೊಬ್ಬಳು ಬಂದಳು. ಅವಳೂ ಹೋದಳು, ಮತ್ತೊಬ್ಬಳು ಬಂದಳು. ಮನೆಯಲ್ಲಿ ಪಾಲನೆಗಿಂತ ಪಾಳಿಯೇ ಜೋರಾಯಿತು. ಆರೈಕೆಗೆಂದು ಬಂದವರೆಲ್ಲ ಹೊಟ್ಟೆ ತುಂಬ ಉಂಡು, ಹಾರೈಕೆ ಮಾಡಿ, ಕೈಯಲ್ಲೊಂದು ಪೊಟ್ಟಣ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಅಜ್ಜಿಯ ಕಾಲು ಮಾತ್ರ ಸಂಜೆಯ ಹೊತ್ತಿಗೆ ಕುಂಬಳಕಾಯಿಯಾಗುತ್ತಿತ್ತು.

ಮಾಮ ನಡುಮನೆಯಲ್ಲಿ ಕ್ಯಾಮೆರಾ ಹಾಕಿಸಿದ್ದ. ಅಮ್ಮಾನಿನಲ್ಲಿ ಕುಳಿತು ಫೋನಿನಲ್ಲಿ ನೋಡಿದರೆ ಏನು ಕಾಣಬೇಕು? ಸಂಬಳದ ಹೆಂಗಸು ಕಾಲು ಚಾಚಿ ಕೂತಿದ್ದಾಳೆ, ಸೊಂಟ ಮುರಿದ ತಾಯಿ ಅವಳಿಗೆ ಕಲ್ಲಂಗಡಿ ಹೆಚ್ಚಿ ಕೊಡುತ್ತಿದ್ದಾಳೆ. ಏಜೆನ್ಸಿಗೆ ಫೋನ್ ಮಾಡಿ ಗುಡುಗಿದ. ಮೇಡಂ ಕ್ಷಮೆ ಕೇಳಿ, ಇನ್ನೂ ಒಳ್ಳೆಯವಳನ್ನು ಕಳಿಸುತ್ತೇವೆ ಎಂದರು. ಇನ್ನೂ ಒಳ್ಳೆಯವಳೆಂದರೆ ಇನ್ನೂ ಹೊಸಬಳು. ಅವಳು ಬಂದ ದಿನ ಅಜ್ಜಿ ಕೋಳಿ ತರಿಸಿದಳು.

ಆಮೇಲೆ ಬಂದವಳು ಇನ್ಶಿರಾ. ಕೆಳಗಿನ ಮಾರುಕಟ್ಟೆ ಬೀದಿಯವಳು, ದಪ್ಪ ತೋಳು, ಅದಕ್ಕಿಂತ ದಪ್ಪ ಧ್ವನಿ.

"ಹಜ್ಜಾ, ಅಡುಗೆಮನೆ ನನಗೆ ಬಿಡಿ."

"ಕೂತ್ಕೋ. ಚಹಾ ಕುಡಿ."

"ಕುಡಿದೆ. ನೀರಾಗಿದೆ. ಎದ್ದು ನಾನೇ ಮಾಡ್ಲಾ?"

ಅರವತ್ತು ವರ್ಷದಲ್ಲಿ ಅಜ್ಜಿಯ ಚಹಾವನ್ನು ಯಾರೂ ನೀರು ಎಂದಿರಲಿಲ್ಲ. ಅಜ್ಜಿಯ ಕಣ್ಣು ಹೊಳೆಯಿತು. ಜಗಳಕ್ಕೆ ಸರಿಜೋಡಿ ಸಿಕ್ಕಾಗ ಹೊಳೆಯುವ ಹಾಗೆ. ಎರಡೂ ದಿನ ಇಬ್ಬರೂ ಕಿತ್ತಾಡಿದರು. ಎರಡನೆಯ ಸಂಜೆ ಅಜ್ಜಿ ಹೇಳಿದ್ದನ್ನು ನಾನೇ ಕೇಳಿದೆ: "ಇವತ್ತೊಂದು ದಿನ ಸುಮ್ನೆ ತಿನ್ನು. ನಾಳೆ ಕಳೀಲಿ, ಆಮೇಲೆ ಸೌಟು ನಿನ್ನ ಕೈಗೇ ಕೊಡ್ತೀನಿ."

ಮರುದಿನ ಬಂದವಳು ಇನ್ಶಿರಾ ಅಲ್ಲ. ಪಾಳಿ ಬದಲಾಗಿತ್ತು. ಬಾಗಿಲಲ್ಲಿ ನೆಲ ನೋಡುತ್ತ ನಿಂತಿದ್ದ ಒಬ್ಬ ನಾಚಿಕೆಯ ಹುಡುಗಿ. ಅಜ್ಜಿ ಒಂದು ನಿಟ್ಟುಸಿರು ಬಿಟ್ಟು ಅವಳಿಗೂ ಚಹಾ ಇಟ್ಟಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ವಾಕರ್ ಹಿಡಿದು ಹೊಸ್ತಿಲು ದಾಟುವಾಗ ವಾಕರಿನ ಕಾಲು ಜಮಖಾನೆಗೆ ಸಿಕ್ಕಿ ಬಿದ್ದಳು. ಮೂಳೆ ಮುರಿಯಲಿಲ್ಲ. ಮೊಣಕೈ ನೀಲಿಯಾಯಿತು, ಅಂಗೈ ಬೆಂದಿತು. ಮಾಮ ಎಲ್ಲವನ್ನೂ ಫೋನಿನಲ್ಲಿ ನೋಡಿದ.

"ಶುಕ್ರವಾರ ನಮಾಜು ಮುಗಿಸಿ ಕಾರು ತರ್ತೀನಿ," ಎಂದ. "ರುವೈದಾ, ಅಮ್ಮನ ಬಟ್ಟೆ ಕಟ್ಟಿಡು." ಈ ಸಲ ಒಂದನೆಯದಾಗಿ ಎರಡನೆಯದಾಗಿ ಇರಲಿಲ್ಲ.

ಗುರುವಾರ ಸಂಜೆ ಅಜ್ಜಿ ಕಸೂತಿಯ ಕಪ್ಪು ನಿಲುವಂಗಿ ಹಾಕಿಕೊಂಡು, ಬೆಂದ ಅಂಗೈಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದಳು.

"ಘೈದಾ, ಇನ್ಶಿರಾಗೆ ಫೋನ್ ಮಾಡು. ದಿನಾ ಬರ್ತಾಳಾ ಕೇಳು."

ಕೇಳಿದೆ. "ಸೌಟು ಕೊಟ್ರೆ ಬರ್ತೀನಿ. ಇಲ್ಲಾಂದ್ರೆ ಆ ನೀರು ಚಹಾ ಕುಡಿಯೋಕೆ ನನಗೇನು ಹುಚ್ಚೇ?" ಎಂದಳು.

"ಸರಿ. ಈಗ ಟ್ಯಾಕ್ಸಿ ಕರಿ. ಅಮ್ಮಾನಿಗೆ."

"ಮಾಮ ನಾಳೆ ಬರ್ತಾನಲ್ಲ ಅಜ್ಜಿ."

"ಅವನು ಬಂದ್ರೆ ನಾನು ಸಾಮಾನು. ನಾನೇ ಹೋದ್ರೆ ಅತಿಥಿ."

ಗುರುವಾರ ಸಂಜೆ ಮಾಮನ ಮನೆಯ ದಿವಾನಖಾನೆಯಲ್ಲಿ ನಮ್ಮ ವಂಶದ ಗಂಡಸರು ಸೇರುತ್ತಾರೆ. ಹೆಣ್ಣು ಕೇಳಲು ಹೋಗುವುದಿರಲಿ, ಎರಡು ಮನೆಗಳ ಹಳೆಯ ಹಗೆ ತೀರಿಸುವುದಿರಲಿ, ಮುಂದೆ ನಿಂತು ಮಾತಾಡುವವನು ಮಾಮನೇ. ಅಜ್ಜಿ ವಾಕರ್ ತಳ್ಳಿಕೊಂಡು, ನನ್ನನ್ನೂ ಕರೆದುಕೊಂಡು, ನೇರ ಅಲ್ಲಿಗೇ ನುಗ್ಗಿದಾಗ ಎಲ್ಲರೂ ಎದ್ದು ನಿಂತರು. ಅವಳು ಬಾಗಿಲಿಗೆ ಎದುರಾದ ದೊಡ್ಡ ಪೀಠದಲ್ಲಿ ಕುಳಿತಳು. ಏಲಕ್ಕಿ ಹಾಕಿದ ಕಹಿ ಕಾಫಿ ಬಂತು. ಅಜ್ಜಿ ಬಟ್ಟಲು ತೆಗೆದುಕೊಂಡಳು, ತುಟಿಗೆ ತಾಗಿಸದೆ ಮುಂದಿನ ಮೇಜಿನ ಮೇಲಿಟ್ಟಳು.

ಬಟ್ಟಲು ಕೆಳಗಿಟ್ಟರೆ ಬಂದವರಿಗೆ ಒಂದು ಕೋರಿಕೆ ಇದೆ ಎಂದರ್ಥ. ಕೋರಿಕೆ ಈಡೇರುವವರೆಗೆ ಅವರು ಕುಡಿಯುವುದಿಲ್ಲ, ಕುಡಿಯದೆ ಎದ್ದು ಹೋದರೆ ಆ ಮನೆಯವನು ಊರಲ್ಲಿ ತಲೆ ಎತ್ತುವಂತಿಲ್ಲ. ಎಷ್ಟೋ ಮನೆಗಳಲ್ಲಿ ಮಾಮ ಹೀಗೇ ಬಟ್ಟಲಿಟ್ಟು ಗೆದ್ದು ಬಂದವನು.

"ಅಮ್ಮಾ, ಇದೇನಿದು? ಇದು ನಿನ್ನದೇ ಮನೆ. ಇಲ್ಲಿ ನೀನು ಅತಿಥಿ ಅಲ್ಲ."

"ಮೂರು ದಿನ ಕಳೆಯೋವರೆಗೂ ಅತಿಥೀನೇ. ನಾನು ಈಗ ತಾನೇ ಬಂದೆ."

"ಸರಿ, ಹೇಳು."

"ನನ್ನ ಮನೆಗೆ ಬೀಗ ಬೀಳಬಾರದು. ನಾನು ಅಲ್ಲೇ ಇರ್ತೀನಿ."

"ಅಮ್ಮಾ, ಆ ಹೆಂಗಸರು ಕೆಲಸ ಮಾಡಲ್ಲ. ನಾನೇ ಕಣ್ಣಾರೆ..."

"ಅವರ ತಪ್ಪೇನೂ ಇಲ್ಲ. ನೀನು ನನಗೆ ಸಹಾಯ ಕಳಿಸಲಿಲ್ಲ ನವ್ವಾಫ್, ಅತಿಥಿಗಳನ್ನ ಕಳಿಸಿದೆ. ಮೂರನೇ ದಿನ ಕಳೆದ್ರೆ ಅವಳು ಮನೆಯವಳು. ನಾನು ಬೈತೀನಿ, ಅವಳು ಬೈತಾಳೆ, ಬಟ್ಟೆ ಬಿಚ್ಚಿ ಬೆನ್ನು ಕೊಡ್ತೀನಿ, ಉಜ್ಜು ಅಂತೀನಿ. ನೀನು ಎರಡನೇ ದಿನಕ್ಕೇ ಬದಲಾಯಿಸ್ತೀಯ. ನಿನ್ನೆ ಮೊನ್ನೆ ಹೊಸ್ತಿಲು ದಾಟಿದೋಳ ಕೈಲಿ ಪಾತ್ರೆ ತೊಳೆಸು ಅಂತ ನಿನಗೆ ಹೇಳಿಕೊಟ್ಟಿದ್ದೀನಾ ನಾನು?"

ಮೂಲೆಯಲ್ಲಿದ್ದ ಮುದುಕ ಅಬೂ ಶಿಹಾಬ್ ಗಡ್ಡ ನೀವಿಕೊಂಡ. "ಇದೇ ಮಾತು ನೀನು ನಮಗೆ ಎಷ್ಟು ಸಲ ಭಾಷಣ ಮಾಡಿಲ್ಲ ನವ್ವಾಫ್?"

"ಆದರೆ ಏಜೆನ್ಸಿಯ ನಿಯಮ..." ಮಾಮ ಎಂದ.

"ಇಡೀ ಊರಿನ ನೀರಿನ ಕೊಳವೆಯನ್ನೇ ತಿರುಗಿಸಿದೋನು ನೀನು. ಇನ್ಶಿರಾ ಒಬ್ಬಳನ್ನ ನನ್ನ ಮನೆ ಕಡೆ ತಿರುಗಿಸೋಕೆ ಆಗಲ್ವಾ? ಅವಳೇ ಬೇಕು. ದಿನಾ ಅವಳೇ."

ಯಾರೋ ನಗು ತಡೆಯಲು ಕೆಮ್ಮಿದರು. ಮಾಮ ಕಿವಿವರೆಗೂ ಕೆಂಪಾದ.

"ಆಯ್ತಮ್ಮ, ಅವಳೇ ಬರಲಿ. ಕಾಫಿ ಕುಡಿ."

"ರಾತ್ರಿ ವಿಷಯ ಇನ್ನೂ ಇದೆ. ರುವೈದಾ ಒಬ್ಬಳೇ ಎಷ್ಟಂತ ಬರ್ತಾಳೆ? ನಾನು ನಿಮ್ಮ ಮೂರು ಮನೆ ಸುತ್ತಬೇಕು ಅಂದ್ಯಲ್ಲ, ಈಗ ನೀವು ಮೂವರೂ ನನ್ನ ಮನೆ ಸುತ್ತಿ. ಒಂದು ರಾತ್ರಿ ಅವಳು, ಒಂದು ರಾತ್ರಿ ಘಾಜಿ, ಒಂದು ರಾತ್ರಿ ನೀನು."

"ನಾನಾ? ಅಮ್ಮಾ, ನನ್ನ ಬೆನ್ನು... ಆ ಮೆಟ್ಟಿಲು..."

"ಸೊಂಟ ಮುರಿದೋಳು ಇಳಿದು ಬಂದಿದ್ದೀನಿ. ನೀನು ಹತ್ತಿ ಬಾ."

ಅಬೂ ಶಿಹಾಬ್ ಮೇಜಿನ ಕಡೆ ಬಗ್ಗಿ ನೋಡಿದ. "ತಣ್ಣಗಾಗ್ತಿದೆ ನವ್ವಾಫ್."

ಮಾಮ ಗಂಡಸರ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದ. ಎಲ್ಲರೂ ಬಟ್ಟಲನ್ನೇ ನೋಡುತ್ತಿದ್ದರು. ಕೊನೆಗೆ ಅವನು ಎದ್ದು ಬಂದು, ಅಜ್ಜಿಯ ಬಟ್ಟೆ ಸುತ್ತಿದ ಕೈಗೆ ಮುತ್ತಿಟ್ಟು, ಅದನ್ನು ಹಣೆಗೆ ಒತ್ತಿಕೊಂಡ. ಧ್ವನಿಯಲ್ಲಿ ಸಭೆ ಉಳಿದಿರಲಿಲ್ಲ.

"ಕುಡೀಮ್ಮಾ. ನೀನು ಕೇಳಿದ್ದು ಕೊಟ್ಟೆ."

"ಯಾವ ರಾತ್ರಿ ನಿಂದು?"

"ಭಾನುವಾರ."

ಅಜ್ಜಿ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದಳು, ಮುಖ ಸಿಂಡರಿಸಿದಳು.

"ಹಾಸಿಗೆ ನೀನೇ ತಗೊಂಡು ಬಾ," ಎಂದಳು. "ಮೂರು ದಿನಕ್ಕೊಂದು ಸಲ ಬರ್ತೀಯ ಅಂತ ಅತಿಥಿ ಆಗೋಕೆ ನೋಡಬೇಡ. ನಿನಗೆ ನಾನು ಚಹಾ ಮಾಡಿಕೊಡಲ್ಲ."