ಒಂದು ಸಲದ ಬೇಡ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಆರ್ಲಿನ್ ಹಾಗ್‌ಸ್ಟಾಡ್ ತನಗೆ ಬೇಕೇ ಬೇಕಾಗಿದ್ದ ಶಸ್ತ್ರಚಿಕಿತ್ಸೆಯನ್ನು ಬೇಡವೆಂದ.

ಉತ್ತರ ಮಿನೆಸೋಟದ ನೋರ್ಡಾಲ್ ಊರಿನ ಆಸ್ಪತ್ರೆಯಲ್ಲಿ, ಮೂಳೆ ಡಾಕ್ಟರ ಕೋಣೆಯಲ್ಲಿ ಇದು ನಡೆಯಿತು. ಪರದೆಯ ಮೇಲೆ ಅವನ ಸೊಂಟದ ಎಕ್ಸ್‌ರೇ ಇತ್ತು. ಡಾ. ಲೀಡಿಯಾ ಬೆಲ್ಕಾಸ್ಟ್ರೊ ಪೆನ್ನಿನ ತುದಿಯಿಂದ ತೋರಿಸಿದರು. ಎಡಗಡೆಯ ಕೀಲಿನಲ್ಲಿ ಎರಡು ಮೂಳೆಗಳ ನಡುವೆ ತೆಳ್ಳನೆಯ ಸಂದು ಕಾಣುತ್ತಿತ್ತು. ಬಲಗಡೆ ಆ ಸಂದೇ ಇರಲಿಲ್ಲ.

"ಮೂಳೆಗೆ ಮೂಳೆ ಉಜ್ತಾ ಇದೆ. ಇನ್ನು ಮಾತ್ರೆಯಿಂದ ಏನೂ ಆಗಲ್ಲ, ಕೀಲು ಬದಲಾಯಿಸಬೇಕು. ಈ ಇಪ್ಪತ್ಮೂರನೇ ತಾರೀಕು ಒಬ್ರು ಬರಲ್ಲ ಅಂದಿದಾರೆ, ಆ ದಿನ ಖಾಲಿ ಇದೆ. ಅದು ಬಿಟ್ರೆ ನವೆಂಬರ್‌ಗೇ. ಏನಂತೀರಿ, ಮಾಡಿಸ್ಕೊಳ್ತೀರಾ?"

ಆರ್ಲಿನ್‌ಗೆ ಎದ್ದು ಕುಣಿಯಬೇಕು ಅನ್ನಿಸಿತು, ಸೊಂಟ ಬಿಡುವಂತಿರಲಿಲ್ಲ. ಅರವತ್ತೊಂಬತ್ತರ ಆತ ಊರಿನ ಕರ್ಲಿಂಗ್ ಕ್ಲಬ್ಬಿನಲ್ಲಿ ಐಸ್ ಹಾಕಿ ಆಟದ ಅಂಗಳ ಸಿದ್ಧಮಾಡುವವನು. ಕಲ್ಲು ಜಾರಿಸಿ ಆಡುವ ಆ ಆಟಕ್ಕೆ ನುಣುಪಾದ ಐಸ್ ಆಗಿಬರುವುದಿಲ್ಲ. ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಮ್ಮುಖವಾಗಿ ನಡೆಯುತ್ತ, ಐಸಿನ ಮೇಲೆ ಬಿಸಿನೀರಿನ ಹನಿಗಳನ್ನು ಒಂದೇ ಸಮನೆ ಚಿಮುಕಿಸಬೇಕು. ಹನಿ ಹೆಪ್ಪುಗಟ್ಟಿ ಸಣ್ಣ ಗುಬುಟುಗಳಾದ ಮೇಲೆಯೇ ಕಲ್ಲು ಓಡುವುದು. ಕಳೆದ ಚಳಿಗಾಲದಲ್ಲಿ ಆರ್ಲಿನ್ ಕುಂಟುತ್ತ ಹಿಂದೆ ನಡೆದಿದ್ದರಿಂದ ಐಸಿನ ಒಂದು ಮಗ್ಗುಲು ಒರಟಾಗಿ, ಕಲ್ಲುಗಳೆಲ್ಲ ಒಂದೇ ಕಡೆಗೆ ವಾಲಿದವು. ಯಾರೂ ಅವನನ್ನು ಬೈಯಲಿಲ್ಲ. "ಮುಂದಿನ ವರ್ಷ ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು, ಆರ್ಲಿನ್" ಅಂದರು, ಅಷ್ಟೇ. ನೋರ್ಡಾಲಿನಲ್ಲಿ ಹಾಗೆಂದರೆ ಬೇರೆಯವರನ್ನು ಹುಡುಕುತ್ತಿದ್ದಾರೆ ಎಂದರ್ಥ. ಐಸ್ ಹಾಕುವುದು ಅಕ್ಟೋಬರಿನಲ್ಲಿ. ಶಸ್ತ್ರಚಿಕಿತ್ಸೆ ನವೆಂಬರಿಗೆ ಹೋದರೆ ಕೆಲಸ ಹೋದಂತೆಯೇ.

ಆದ್ದರಿಂದ ಆತ ಮರ್ಯಾದಸ್ಥರು ಹೇಳುವ ಮಾತನ್ನೇ ಹೇಳಿದ. "ಅಯ್ಯೋ, ಬೇಡ ಬಿಡಿ ಡಾಕ್ಟ್ರೇ. ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇರ್ತಾರೆ. ಅವರಿಗೆ ಕೊಡಿ."

ಹೇಳಿ, ಎರಡನೇ ಸಲ ಕೇಳಲಿ ಎಂದು ಕಾದ.

ಆ ಊರಿನಲ್ಲಿ ಕಾಫಿ ಕೊಟ್ಟರೂ ಹೀಗೆಯೇ, ಕಾರಿನಲ್ಲಿ ಬಿಡುತ್ತೇನೆಂದರೂ ಹೀಗೆಯೇ. ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ ಕೇಳಿದಾಗ ನಿಮಗ್ಯಾಕೆ ತೊಂದರೆ ಅನ್ನಬೇಕು. ಕೊಡುವವರಿಗೆ ನಿಜವಾಗಿ ಮನಸ್ಸಿದ್ದರೆ ಮೂರನೇ ಸಲ ಕೇಳುತ್ತಾರೆ; ಆಗ ಒಪ್ಪಿಕೊಳ್ಳಬೇಕು. ಮೊದಲ ಸಲಕ್ಕೇ ಹೂಂ ಅನ್ನುವುದು ತಟ್ಟೆಗೆ ಕೈಹಾಕಿ ಕಿತ್ತುಕೊಂಡಂತೆ.

ಡಾ. ಬೆಲ್ಕಾಸ್ಟ್ರೊ ದೂರದ ನ್ಯೂಜೆರ್ಸಿಯ ನೆವಾರ್ಕ್ ನಗರದವರು. ನೋರ್ಡಾಲಿಗೆ ಬಂದು ಮೂರು ತಿಂಗಳಾಗಿತ್ತು. ಅವರು ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಆರ್ಲಿನ್‌ನ ಕಣ್ಣನ್ನೇ ನೋಡಿದರು. ಎರಡನೇ ಸಲ ಈಗ ಬಂತು ಎಂದುಕೊಂಡ ಆರ್ಲಿನ್.

"ನಿಮ್ಮ ನಿರ್ಧಾರಕ್ಕೆ ನಾನು ಪೂರ್ತಿ ಗೌರವ ಕೊಡ್ತೀನಿ. ಶುಕ್ರವಾರದವರೆಗೆ ಆ ದಿನ ಖಾಲಿ ಇರತ್ತೆ. ಮನಸ್ಸು ಬದಲಾದ್ರೆ ಫೋನ್ ಮಾಡಿ. ನಾನಾಗಿ ಮತ್ತೆ ಕೇಳಿ ಹಿಂಸೆ ಕೊಡಲ್ಲ."

ಕೈ ಕುಲುಕಿದರು. ಕೈಯಲ್ಲಿ ಅಕ್ಕರೆ ಇತ್ತು, ಅದೇ ಕಷ್ಟವಾಗಿದ್ದು. ಒರಟಾಗಿ ಕಳಿಸಿದ್ದರೆ ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು.

ಮನೆಯಲ್ಲಿ ಹೆಂಡತಿ ವೆರ್ನಾ ಅಡುಗೆಮನೆಯ ಮೇಜಿನ ತುಂಬ ಹುಳಿ ರೂಬಾರ್ಬ್ ದಂಟು ಹರಡಿಕೊಂಡು ಹೆಚ್ಚುತ್ತಿದ್ದಳು. ಗುರುವಾರ ಚರ್ಚಿನಲ್ಲಿ ಊರೂಟ. ಆ ದಂಟನ್ನು ಹಿಟ್ಟಿನ ಹಾಳೆಯೊಳಗೆ ತುಂಬಿ ಬೇಯಿಸುವ ಸಿಹಿ ಪೈ ಮಾಡುವುದು ಅವಳ ಪಾಲಿಗೆ ಬಂದಿತ್ತು.

"ಯಾವತ್ತು ಆಪರೇಷನ್ನು?" ಎಂದಳು ತಲೆ ಎತ್ತದೆ.

"ಇಲ್ಲ."

"ಇಲ್ಲ ಅಂದ್ರೆ?"

"ಮಾಡಿಸ್ಕೊಳ್ತೀರಾ ಅಂತ ಕೇಳಿದ್ರು. ಬೇಡ ಅಂದೆ."

"ಅನ್ನಬೇಕಾದ್ದೇ. ಆಮೇಲೆ?"

"ಆಮೇಲೇನಿಲ್ಲ. ಕೈ ಕುಲುಕಿದ್ರು."

ವೆರ್ನಾಳ ಚಾಕು ನಿಂತಿತು. "ಒಂದೇ ಸಲ ಕೇಳಿದ್ರಾ?"

"ಒಂದೇ ಸಲ."

"ಮನೇಲಿ ಏನಾದ್ರೂ ತೊಂದ್ರೆ ಇರಬೇಕು ಪಾಪ ಆ ಹೆಂಗಸಿಗೆ" ಎಂದಳು ವೆರ್ನಾ. ಇನ್ನೊಂದು ದಂಟು ಹೆಚ್ಚಿ, "ಫೋನ್ ಮಾಡು ಮತ್ತೆ" ಎಂದಳು.

"ಮಾಡಿ ಏನನ್ನಲಿ? ನನಗೆ ಕೊಡಿ ಅಂತ ಕೇಳ್ಲಾ?"

"ಅದೂ ಹೌದು" ಎಂದು ಅವಳೂ ಒಪ್ಪಿಕೊಂಡಳು. ಹಾಗೆ ಬಾಯಿಬಿಟ್ಟು ಕೇಳಿದವರು ಅವರಿಬ್ಬರ ವಂಶದಲ್ಲೂ ಇರಲಿಲ್ಲ.

ಆರ್ಲಿನ್ ಹೆಂಡತಿಗೆ ಹೇಳದ ಸಂಗತಿ ಇನ್ನೊಂದಿತ್ತು. ಆಸ್ಪತ್ರೆಯಿಂದ ಹೊರಗೆ ಬರುವಾಗ ಸಂಕಟದ ಜೊತೆಗೆ ಒಂದಿಷ್ಟು ನೆಮ್ಮದಿಯೂ ಆಗಿತ್ತು. ಅದಕ್ಕೆ ಕಾರಣ ಮರ್ಲ್ ಓಡೆಗಾರ್ಡ್. ಆರ್ಲಿನ್‌ನ ಗೆಳೆಯ ಮರ್ಲ್ ಎರಡು ವರ್ಷದ ಹಿಂದೆ ಮಂಡಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ. ಅರಿವಳಿಕೆಯಿಂದ ಏಳುವಾಗ, ಮಗ್ಗುಲಲ್ಲಿದ್ದ ನರ್ಸಿನ ಕೈ ಹಿಡಿದುಕೊಂಡು, ತಾನು ಚರ್ಚಿನಲ್ಲಿ ಪಾಸ್ಟರರ ಪ್ರವಚನದ ಹೊತ್ತಿನಲ್ಲಿ ಇಪ್ಪತ್ತು ವರ್ಷದಿಂದ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿರುವುದಾಗಿ ಹೇಳಿಬಿಟ್ಟ. ನರ್ಸ್ ಪಾಸ್ಟರರ ನಾದಿನಿ. ಭಾನುವಾರದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮರ್ಲ್ ಈಗ ಮುಂದಿನ ಸಾಲಿನಲ್ಲಿ ಕೂರುತ್ತಾನೆ.

ಹೊಟ್ಟೆಯಲ್ಲಿ ಏನಿದೆಯೋ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬಾಳಿದ ಆರ್ಲಿನ್‌ಗೆ ಕತ್ತರಿ, ಸುತ್ತಿಗೆ, ರಕ್ತ ಯಾವುದರ ಭಯವೂ ಇರಲಿಲ್ಲ. ತಾನು ಏನು ಮಾತಾಡಿಬಿಡುತ್ತೇನೋ ಎಂಬ ಭಯವಿತ್ತು.

ಗುರುವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಊರೂಟ ನಡೆಯಿತು. ವೆರ್ನಾ ಪೈ ಮೇಜಿನ ಹಿಂದೆ ನಿಂತಿದ್ದಳು. ಆರ್ಲಿನ್ ಅವಳ ಪಕ್ಕದಲ್ಲಿ ಮಡಚುವ ಕುರ್ಚಿಯ ಮೇಲೆ ಬಲಗಾಲು ಚಾಚಿಕೊಂಡು ಕೂತು ಕಾಗದದ ತಟ್ಟೆಗಳನ್ನು ಎತ್ತಿಕೊಡುತ್ತಿದ್ದ. ಸಾಲಿನಲ್ಲಿ ಡಾ. ಬೆಲ್ಕಾಸ್ಟ್ರೊ ಬಂದರು. ಹೊಸ ಡಾಕ್ಟರನ್ನು ಊಟಕ್ಕೆ ಕರೆಯದೆ ಬಿಡುವ ಊರಲ್ಲ ಅದು.

"ಡಾಕ್ಟ್ರೇ, ಒಂದು ತುಂಡು ಪೈ?" ಎಂದಳು ವೆರ್ನಾ.

"ಬೇಡ, ಥ್ಯಾಂಕ್ಸ್. ಹೊಟ್ಟೆ ತುಂಬಿದೆ."

"ಚಿಕ್ಕ ತುಂಡು?"

"ಇಲ್ಲ, ನಿಜವಾಗ್ಲೂ ಬೇಡ."

"ಇಷ್ಟೇ ಇಷ್ಟು" ಎಂದು ವೆರ್ನಾ ಆಗಲೇ ತಟ್ಟೆಗೆ ಹಾಕಿದ್ದಳು. ಇಷ್ಟೇ ಇಷ್ಟು ಎಂದದ್ದು ಪೈಯ ಕಾಲುಭಾಗವಿತ್ತು.

ಡಾಕ್ಟರಿಗೆ ನಗುವೂ ಬಂತು, ರೇಗಿಯೂ ಹೋಯಿತು. "ಅಲ್ಲಮ್ಮಾ, ಮೊದಲೇ ಬೇಡ ಅಂದೆನಲ್ಲ! ಈ ಊರಲ್ಲಿ ಬೇಡ ಅಂದ್ರೆ ಯಾರ ಕಿವಿಗೂ ಬೀಳಲ್ವಾ?"

"ಬೀಳತ್ತೆ" ಎಂದಳು ವೆರ್ನಾ ತಬ್ಬಿಬ್ಬಾಗಿ. "ಆದ್ರೆ ನೀವು ಒಂದೇ ಸಲ ಅಂದಿದ್ದು. ಅದು ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ವಾ?"

"ಮೊದಲನೇ ಬೇಡ ಮರ್ಯಾದೆಗೆ ಅನ್ನೋದು ಡಾಕ್ಟ್ರೇ. ಎಲ್ರೂ ಅಂತಾರೆ."

ಡಾಕ್ಟರು ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟರು. ಆಮೇಲೆ ನಿಧಾನವಾಗಿ ಕುರ್ಚಿಯ ಕಡೆ ತಿರುಗಿದರು. ಆರ್ಲಿನ್ ಕಾಗದದ ತಟ್ಟೆಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದ.

"ಹಾಗ್‌ಸ್ಟಾಡ್ ಅವ್ರೇ, ಸೋಮವಾರ ನೀವು ಎಷ್ಟು ಸಲ ಬೇಡ ಅಂದ್ರಿ?"

"ನೀವು ಕೇಳಿದ್ದೇ ಒಂದು ಸಲ" ಎಂದ ಆರ್ಲಿನ್ ತಟ್ಟೆಗಳಿಗೆ.

ಡಾಕ್ಟರು ಇನ್ನೊಂದು ಕುರ್ಚಿ ಎಳೆದುಕೊಂಡು ಅವನೆದುರು ಕೂತರು. ಪೈ ತಟ್ಟೆ ತೊಡೆಯ ಮೇಲಿತ್ತು. "ನಮ್ಮಜ್ಜಿ ಬೇಡ ಬೇಡ ಅಂದ್ರೂ ಎಲ್ಲ ಸೇರಿ ಒತ್ತಾಯ ಮಾಡಿ ಆಪರೇಷನ್ ಮಾಡಿಸಿದ್ರು. ಅಜ್ಜಿ ಅದನ್ನ ಕೊನೇವರೆಗೂ ಮರೀಲಿಲ್ಲ. ನಾನು ಡಾಕ್ಟರ್ ಆದಾಗ, ಬೇಡ ಅಂದವರನ್ನ ಮತ್ತೆ ಕೇಳಬಾರದು ಅಂದ್ಕೊಂಡೆ. ಸರಿ ಅಂತಾನೇ ತಿಳ್ಕೊಂಡಿದ್ದೆ. ಈಗ ಎರಡನೇ ಸಲ ಕೇಳ್ತಾ ಇದೀನಿ. ಮಾಡಿಸ್ಕೊಳ್ತೀರಾ?"

"ನಿಮಗ್ಯಾಕೆ ತೊಂದ್ರೆ" ಎಂದ ಆರ್ಲಿನ್. ಅಭ್ಯಾಸಬಲ.

"ಮೂರನೇ ಸಲ ಕೇಳೋಕೆ ಮುಂಚೆ ಒಂದು ಮಾತು. ಇದು ಪೂರ್ತಿ ಮರ್ಯಾದೆಗೆ ಅಂದ ಬೇಡಾನಾ, ಇಲ್ಲ ಒಳಗೆ ನಿಜವಾದ ಬೇಡಾನೂ ಸ್ವಲ್ಪ ಇದೆಯಾ?"

ಇಂಥ ಪ್ರಶ್ನೆಯನ್ನು ಆರ್ಲಿನ್‌ಗೆ ಈವರೆಗೆ ಯಾರೂ ಕೇಳಿರಲಿಲ್ಲ. ಆತ ಆಚೆಈಚೆ ನೋಡಿದ. ಮರ್ಲ್ ದೂರದಲ್ಲಿ ಪಾಸ್ಟರಿಗೆ ಕಾಫಿ ಬಗ್ಗಿಸಿಕೊಡುತ್ತಿದ್ದ. "ಸ್ವಲ್ಪ ಇದೆ" ಎಂದ, ಮತ್ತು ಮರ್ಲ್‌ನ ಕಥೆಯನ್ನು ಗುಟ್ಟಾಗಿ ಹೇಳಿದ.

ಡಾಕ್ಟರು ನಗಲಿಲ್ಲ. ನಗಬಾರದೆಂದು ತುಟಿ ಕಚ್ಚಿದ್ದು ಕಾಣುತ್ತಿತ್ತು, ಆದರೂ ನಗಲಿಲ್ಲ. "ಅದಕ್ಕೆ ದಾರಿ ಇದೆ" ಎಂದರು. "ಪೂರ್ತಿ ನಿದ್ದೆ ಮಾಡಿಸಲೇಬೇಕು ಅಂತೇನಿಲ್ಲ. ಬೆನ್ನಿಗೆ ಒಂದು ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಬಹುದು. ಮಂಪರಿನ ಔಷಧಿ ಬೇಡ ಅಂದ್ರೆ ಕೊಡಲ್ಲ. ಎಚ್ಚರವಾಗಿರ್ತೀರಿ, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ರೇಡಿಯೊ ಕೇಳ್ತಾ ಮಲಗಿರಿ. ಬಾಯಿ ನಿಮ್ಮ ಹತೋಟೀಲೇ ಇರತ್ತೆ. ಅರಿವಳಿಕೆ ಡಾಕ್ಟರು ನಿಮ್ಮ ಬೆನ್ನು ನೋಡಿ ಹೂಂ ಅನ್ನಬೇಕು, ಅಷ್ಟೇ."

ಪೈ ಕತ್ತರಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡಿದ್ದ ವೆರ್ನಾ ಈಗ ಬಾಗಿದಳು. "ಅಂಥಾದ್ದೇನಪ್ಪ ಬಚ್ಚಿಟ್ಟಿದೀಯ ನೀನು?"

"ಏನಿಲ್ಲ."

"ನನ್ನ ಟೂನಾ ಹಾಟ್‌ಡಿಶ್ ನಿಂಗೆ ಸೇರಲ್ಲ ಅನ್ನೋದಾದ್ರೆ, ಅದು ಮದುವೆ ಆದ ವರ್ಷದಿಂದ ನಂಗೊತ್ತು."

ಆರ್ಲಿನ್ ತಟ್ಟನೆ ಅವಳತ್ತ ತಿರುಗಿದ. ಮೀನು, ನೂಡಲ್ಸ್, ಅಣಬೆ ಸೂಪು ಕಲಸಿ ಬೇಯಿಸಿದ ಆ ತಪ್ಪಲೆ ಪ್ರತಿ ಬುಧವಾರ ಅವನ ಮುಂದೆ ಬರುತ್ತಿತ್ತು. ನಿನ್ನೆಯೂ ಬಂದಿತ್ತು. "ಗೊತ್ತಿದ್ದೂ ಮಾಡ್ತಾ ಬಂದೆಯಾ?"

"ನೀನು ಬೇಡ ಅನ್ನಲಿಲ್ವಲ್ಲ."

"ಅಂದಿದ್ದೆ! ಮದುವೆ ಆದ ವರ್ಷವೇ ಅಂದಿದ್ದೆ!"

"ಒಂದು ಸಲ" ಎಂದಳು ವೆರ್ನಾ.

ಈಗ ಡಾಕ್ಟರು ನಕ್ಕರು. ಪೈ ತಟ್ಟೆ ತೊಡೆಯಿಂದ ಜಾರುವಷ್ಟು ನಕ್ಕರು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿ, ನೋಡದವರಂತೆ ಮುಖ ತಿರುಗಿಸಿಕೊಂಡರು. ಕಣ್ಣು ಒರೆಸಿಕೊಂಡು ಡಾಕ್ಟರು ಗಂಭೀರವಾದರು.

"ಮೂರನೇ ಸಲ ಕೇಳ್ತಾ ಇದೀನಿ, ಹಾಗ್‌ಸ್ಟಾಡ್ ಅವ್ರೇ. ಇಪ್ಪತ್ಮೂರಕ್ಕೆ ಮಾಡಿಸ್ಕೊಳ್ತೀರಾ?"

ಆರ್ಲಿನ್ ತಟ್ಟೆಗಳ ರಾಶಿಯನ್ನು ಪಕ್ಕಕ್ಕಿಟ್ಟ. "ಏನೋಪ್ಪ. ನಿಮಗೆ ತೊಂದ್ರೆ ಇಲ್ಲ ಅಂದ್ರೆ."

ಡಾಕ್ಟರು ಕಾದರು. ಆತ ತಟ್ಟೆಗಳನ್ನು ಮತ್ತೆ ಎತ್ತಿಕೊಂಡ. ಅವರು ಗಾಬರಿಯಿಂದ ವೆರ್ನಾಳ ಮುಖ ನೋಡಿದರು. "ಇದು ಹೌದಾ, ಅಲ್ವಾ?"

"ಇದಕ್ಕಿಂತ ದೊಡ್ಡ ಹೌದು ಇಲ್ಲ ಡಾಕ್ಟ್ರೇ" ಎಂದಳು ವೆರ್ನಾ. "ನನ್ನ ಮದುವೆ ಆಗು ಅಂತ ಕೇಳಿದಾಗಲೂ ಇಷ್ಟೇ ಅಂದಿದ್ದು."

"ಕೇಳಿದ್ದು ನೀವಾ?"

"ಮೂರು ಸಲ."

ಡಾ. ಬೆಲ್ಕಾಸ್ಟ್ರೊ ಪೈ ಪೂರ್ತಿ ತಿಂದರು. ಒಪ್ಪಿಗೆಪತ್ರದ ಸಹಿಯನ್ನು ಪೈ ಮೇಜಿನ ಮೇಲೆ ಹಾಕಿಸಿಕೊಳ್ಳುವುದಿಲ್ಲ, ನಾಳೆ ಬೆಳಿಗ್ಗೆ ಆಸ್ಪತ್ರೆಗೇ ಬಂದು ಅಪಾಯಗಳನ್ನೆಲ್ಲ ಕೇಳಿ ತಿಳಿದುಕೊಂಡು ಆಮೇಲೆ ಹಾಕಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದರು. ಹೊರಡುವಾಗ ವೆರ್ನಾ ಇನ್ನೊಂದು ತುಂಡನ್ನು ಬೆಳ್ಳಿ ಕಾಗದದಲ್ಲಿ ಸುತ್ತಿ ಮುಂದೆ ಹಿಡಿದಳು. ಡಾಕ್ಟರು ಒಂದು ಕ್ಷಣ ಯೋಚಿಸಿ, "ಅಯ್ಯೋ, ಬೇಡ ಬಿಡಿ" ಎಂದು, ಕೈ ಚಾಚಿಕೊಂಡೇ ನಿಂತರು.

ಶುಕ್ರವಾರ ಬೆಳಿಗ್ಗೆ ಆರ್ಲಿನ್ ಸಹಿ ಹಾಕಿದ. ಇಪ್ಪತ್ಮೂರಕ್ಕೆ ಬೆನ್ನಿನ ಇಂಜೆಕ್ಷನ್ನಿನಲ್ಲೇ ಕೀಲು ಬದಲಾಯಿಸಲಾಯಿತು. ಮರುದಿನ ಆತ ವಾಕರ್ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆದ. ಅಕ್ಟೋಬರಿನಲ್ಲಿ ಕರ್ಲಿಂಗ್ ಕ್ಲಬ್ಬಿನ ಐಸನ್ನು ಆರ್ಲಿನ್‌ನೇ ಹಾಕಿದ. ಡಾಕ್ಟರ ಅಪ್ಪಣೆಯಂತೆ ಡಬ್ಬಿಗೆ ಅರ್ಧ ಮಾತ್ರ ನೀರು ತುಂಬಿಸಲಾಗಿತ್ತು.