ಕಂಬದ ಗಂಟಿಗೆ ಸುತ್ತಿದ ಬಟ್ಟೆ

ಶಾಲೆಯ ಬೀಮೂ ಕಂಬವೂ ಕೂಡುವ ಹನ್ನೆರಡು ಗಂಟುಗಳಲ್ಲಿ ಸರಳುಗಳನ್ನು ಬಿಗಿದಿಡುವ ಕಬ್ಬಿಣದ ರಿಂಗುಗಳಿಲ್ಲವೆಂದು ಸಾತಿಮ್‌ಕುಲ್ ಮೊದಲ ದಿನವೇ ಎಂಜಿನಿಯರ್ ನೂರ್‌ಜಾತಳಿಗೆ ಒಪ್ಪಿಕೊಂಡಿದ್ದ. ನಲವತ್ತು ವರ್ಷದ ಹಿಂದೆ ಗೆಳೆಯ ಓಸ್ಮೋನನ ಜೊತೆ ಕಾಂಕ್ರೀಟು ಹೊಯ್ದವನು ಅವನೇ. ಸರಳುಗಳು ಒತ್ತೊತ್ತಾಗಿ ರಿಂಗು ತೂರಿರಲಿಲ್ಲ, ಬಿಟ್ಟಿದ್ದರು. ಓಸ್ಮೋನ್ ಈಗಿಲ್ಲ. ನಾರಿನ್ ಕಣಿವೆಯಲ್ಲಿ ನೆಲ ಅಲುಗುವುದು ಹೊಸತಲ್ಲ, ಆ ಗಂಟುಗಳ ಕೆಳಗೆ ಸಾತಿಮ್‌ಕುಲನ ಮೊಮ್ಮಗಳು ಕೂತು ಓದುತ್ತಿದ್ದಳು.

ನೂರ್‌ಜಾತ್ ತಂದಿದ್ದು ಕಾರ್ಬನ್ ನೂಲಿನ ಕಪ್ಪು ಬಟ್ಟೆ, ಎರಡು ಡಬ್ಬಿ ಅಂಟು. ಗಂಟುಗಳ ಬಣ್ಣವೆಲ್ಲ ಉಜ್ಜಿಸಿ, ನೂಲು ಕಡಿಯದಿರಲೆಂದು ಮೂಲೆಗಳನ್ನು ಹೊಳೆಗಲ್ಲಿನಂತೆ ದುಂಡಗೆ ಮಾಡಿಸಿದಳು.

"ಮೇಜಿನ ಬಟ್ಟೆ ಕಟ್ಟಿ ಭೂಕಂಪ ತಡೀತೀಯೇನಮ್ಮ?"

"ನೀವು ಹಾಕದ ರಿಂಗಿಗಿಂತ ವಾಸಿ, ಅಜ್ಜ."

ಮೊದಲು ಒಂದು ಗಂಟಿನ ಮೇಲೆ ಪರೀಕ್ಷೆಗೆ ಸಣ್ಣ ತುಂಡು ಅಂಟಿಸಿದರು. ವಾರ ಕಳೆದ ಮೇಲೆ ಅದಕ್ಕೆ ಕಬ್ಬಿಣದ ಬಿಲ್ಲೆ ಹಚ್ಚಿ, ತಿರುಪು ತಿರುಗಿಸಿ ಎಳೆದರು. ಅಂಟು ಗಟ್ಟಿಯಾಗಿ ಹಿಡಿದಿದ್ದರೆ ಒಳಗಿನ ಕಾಂಕ್ರೀಟೇ ಹರಿದು ಬರಬೇಕು. ಬರಲಿಲ್ಲ, ಬಟ್ಟೆ ಹಾಲಿನ ಕೆನೆಯಂತೆ ಎದ್ದು ಬಂತು. ನೂರ್‌ಜಾತ್ ಅದರ ಪಕ್ಕದ ಕಾಂಕ್ರೀಟಿನ ಮೇಲೆ ಬೆರಳಾಡಿಸಿದಳು. ಬೆರಳು ಜಿಡ್ಡಿನಿಂದ ಹೊಳೆಯಿತು. ಇಲ್ಲಿ ಏನು ಕರಿದಿರಿ ಎಂದು ಕೇಳಿದಳು. ಶಾಲೆಯ ಅಡುಗೆಯವಳು ಕಾಲ್‌ಬೂಬೂ ಸಾತಿಮ್‌ಕುಲನ ಮುಖ ನೋಡಿದಳು.

ಬಟ್ಟೆ ಅಂಟಿಸುವುದಕ್ಕೆ ಹಿಂದಿನ ಗುರುವಾರ ಆ ಕೋಣೆಯಲ್ಲೇ ಸತ್ತವರ ಹೆಸರಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯಲು ಅವಳಿಗೆ ಹೇಳಿದ್ದವನು ಅವನೇ. ದುರಸ್ತಿ ಶುರುವಾಗಿದೆಯೆಂದು ಓಸ್ಮೋನನಿಗೂ ತಿಳಿಯಲೆಂದು.

"ಸತ್ತೋನಿಗೆ ಎಣ್ಣೆ ವಾಸನೆ ಮುಟ್ಲಿ ಅಂತ ಕರಿಸಿದ್ದೆ, ತಾಯಿ. ಗೋಡೆಗೂ ಮುಟ್ಬಿಟ್ಟಿದೆ."

ನೂರ್‌ಜಾತ್ ಬಯ್ಯಲಿಲ್ಲ. ಅಂಗಳದಲ್ಲಿ ಕರಿದರೂ ಅವರಿಗೆ ಮುಟ್ಟುತ್ತದೆ ಎಂದಷ್ಟೇ ಹೇಳಿದಳು.

ಬಾಣಲೆ ಕುದುರೆ ಲಾಯದ ಆಚೆಗೆ ಹೋಯಿತು. ಸಾತಿಮ್‌ಕುಲ್ ನಾಲ್ಕು ದಿನ ಏಣಿಯ ಮೇಲೆ ನಿಂತು ಗಂಟುಗಳನ್ನೆಲ್ಲ ತಾನೇ ಮತ್ತೆ ಉಜ್ಜಿದ, ಜಿಡ್ಡು ತೆಗೆಯುವ ದ್ರವದಲ್ಲಿ ಒರೆಸಿದ. ಇನ್ನೊಂದು ತುಂಡು ಅಂಟಿಸಿ ಮತ್ತೆ ವಾರ ಕಾದರು.

ತಿರುಪು ತಿರುಗಿತು. ಬಟ್ಟೆ ಮಿಸುಕಲಿಲ್ಲ. ಇನ್ನೊಂದು ಸುತ್ತು, ಮತ್ತೊಂದು. ಆಮೇಲೆ ಒಣ ಅಕ್ರೋಟು ಒಡೆದಂತೆ ಸದ್ದಾಗಿ ಬಿಲ್ಲೆ ಕಿತ್ತು ಬಂತು. ಅದರ ಹಿಂದೆ ಬಟ್ಟೆ, ಬಟ್ಟೆ ಕಚ್ಚಿಕೊಂಡ ಕಾಂಕ್ರೀಟು. ಸಾತಿಮ್‌ಕುಲ್ ಅದನ್ನು ಅಂಗೈಯಲ್ಲಿಟ್ಟು ನೋಡಿದ. ನಡುವೆ ಸೀಳಿದ ನೀಲಿ ಹರಳೊಂದಿತ್ತು. ಓಸ್ಮೋನನೂ ಅವನೂ ಕತ್ತೆಯ ಮೇಲೆ ಹೇರಿ ಹೊಳೆಯಿಂದ ತಂದ ಜಲ್ಲಿಯದು. ಕಲ್ಲು ಸೀಳಿತ್ತು, ನೂಲು ಬಿಟ್ಟಿರಲಿಲ್ಲ. ಅವನು ಟೋಪಿ ತೆಗೆದ.

ಆಮೇಲೆ ಕಪ್ಪು ಬಟ್ಟೆಯ ಸುರುಳಿಯನ್ನು ಕೂಸನ್ನೆತ್ತುವಂತೆ ಎತ್ತಿಕೊಂಡ.

"ನೀನು ಅಂಟು ಕಲಸು ತಾಯಿ. ಹನ್ನೆರಡು ಗಂಟಿಗೂ ಸುತ್ತೋಣ."